87 ಗೆಲುವು, 108 ಸೋಲು

ಬಲಗೈಯ ಅಂಗೈಯೇ ಇಲ್ಲದೆ ಹುಟ್ಟಿದ ಜಿಮ್ ಅಬಾಟ್ ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ಮಟ್ಟದಲ್ಲಿ ಹತ್ತು ಋತುಗಳ ಕಾಲ ಚೆಂಡೆಸೆದರು. ಆಟ ಬಿಟ್ಟ ಮೇಲೆ ಹಿಂತಿರುಗಿ ನೋಡಿದಾಗ ಅವರಿಗೆ ಕಂಡದ್ದೇನು?

ಬೇಸ್‌ಬಾಲ್‌ನ ‘ಪಿಚರ್’ ಎಂದರೆ ನಮ್ಮ ಕ್ರಿಕೆಟ್‌ನ ಬೌಲರ್ ಇದ್ದಂತೆ. ಆದರೆ ಬೌಲರ್‌ಗೆ ಇಲ್ಲದ ಒಂದು ಇಕ್ಕಟ್ಟು ಪಿಚರ್‌ಗೆ ಉಂಟು. ಆತ ಒಂದು ಕೈಯಿಂದ ಚೆಂಡು ಎಸೆಯಬೇಕು. ಇನ್ನೊಂದು ಕೈಗೆ ತೊಗಲಿನ ದೊಡ್ಡ ಗ್ಲೌಸ್ ತೊಟ್ಟು, ದಾಂಡಿಗ ಬಾರಿಸಿದ ಚೆಂಡು ತನ್ನತ್ತಲೇ ಬಂದರೆ ಹಿಡಿಯಬೇಕು. ಇಬ್ಬರ ನಡುವಿನ ದೂರ 60 ಅಡಿ 6 ಅಂಗುಲ, ಅಂದರೆ ಸುಮಾರು 18.4 ಮೀಟರ್. ಗಂಟೆಗೆ 145 ಕಿ.ಮೀ. ವೇಗದಲ್ಲಿ ಎಸೆದ ಚೆಂಡು ನೆಲಕ್ಕೆ ತಾಗದೆ ನೇರವಾಗಿ ಹಾರಿ ಅರ್ಧ ಸೆಕೆಂಡಿಗೂ ಮೊದಲೇ ದಾಂಡಿಗನನ್ನು ತಲುಪುತ್ತದೆ. ಸರಿಯಾಗಿ ಬಾರಿಸಿದರೆ ಅದು ಬಂದದ್ದಕ್ಕಿಂತಲೂ ವೇಗವಾಗಿ ಪಿಚರ್‌ನ ಎದೆಗೋ ಮುಖಕ್ಕೋ ವಾಪಸಾಗಬಹುದು. ಆಗ ಗ್ಲೌಸ್ ಒಂದೇ ಆತನಿಗೆ ಗುರಾಣಿ.

ಎಂದ ಮೇಲೆ ಈ ಕೆಲಸಕ್ಕೆ ಎರಡು ಕೈ ಬೇಕೇ ಬೇಕು. ಎಸೆಯಲು ಒಂದು, ಹಿಡಿಯಲು ಒಂದು. ಇದು ಯಾರಾದರೂ ಹೇಳಬಹುದಾದ ಮಾತು. ಜಿಮ್ ಅಬಾಟ್‌ಗೆ ಇದ್ದದ್ದು ಒಂದೇ.

1967ರ ಸೆಪ್ಟೆಂಬರ್ 19ರಂದು ಹುಟ್ಟಿದ ಅಬಾಟ್ ಬೆಳೆದದ್ದು ಮಿಷಿಗನ್ ರಾಜ್ಯದ ಫ್ಲಿಂಟ್‌ನಲ್ಲಿ. ಅದು ಕಾರು ಕಾರ್ಖಾನೆಗಳಿಗೆ ಹೆಸರಾದ ಊರು. ಹುಟ್ಟಿನಿಂದಲೇ ಅವರ ಬಲತೋಳು ಮಣಿಕಟ್ಟಿನ ಆಸುಪಾಸಿನಲ್ಲಿ ಮುಗಿದುಹೋಗಿತ್ತು. ಹೀಗಿದ್ದೂ ಅವರು 1989ರಿಂದ 1999ರ ನಡುವೆ ಮೇಜರ್ ಲೀಗ್‌ನಲ್ಲಿ ಹತ್ತು ಋತು ಆಡಿದರು. ಬೇಸ್‌ಬಾಲ್‌ನಲ್ಲಿ ಪ್ರತಿ ಪಂದ್ಯದ ಗೆಲುವನ್ನು ಒಬ್ಬ ಪಿಚರ್‌ನ ಹೆಸರಿಗೂ ಸೋಲನ್ನು ಎದುರಾಳಿ ತಂಡದ ಒಬ್ಬ ಪಿಚರ್‌ನ ಹೆಸರಿಗೂ ಬರೆಯುವ ಪದ್ಧತಿಯಿದೆ. ಹಾಗೆ ಅಬಾಟ್ ಹೆಸರಿನಲ್ಲಿ ದಾಖಲಾದದ್ದು 87 ಗೆಲುವು, 108 ಸೋಲು.

ಸೋಲೇ ಹೆಚ್ಚು! ಸಾಧಕರ ಕಥೆ ಹೇಳುವಾಗ ಇಂತಹ ಎರಡನೆಯ ಅಂಕಿಯನ್ನು ಸಾಮಾನ್ಯವಾಗಿ ಮೆಲ್ಲಗೆ ಪಕ್ಕಕ್ಕೆ ಸರಿಸಿಬಿಡುವುದುಂಟು. ಅಬಾಟ್ ಸರಿಸಲಿಲ್ಲ. 2012ರಲ್ಲಿ ಪತ್ರಕರ್ತ ಟಿಮ್ ಬ್ರೌನ್ ಜೊತೆಗೂಡಿ ಬರೆದ ಆತ್ಮಕಥೆಗೆ ಅವರು ಇಟ್ಟ ಹೆಸರೇ ‘ಇಂಪರ್ಫೆಕ್ಟ್’. ‘ಪರಿಪೂರ್ಣವಲ್ಲದ್ದು’ ಎಂದು ಅದರ ಅರ್ಥ. ಆ ಪುಸ್ತಕದಲ್ಲಿ ಗೆಲುವಿಗೆ ಎಷ್ಟು ಜಾಗವಿದೆಯೋ ಸೋಲಿಗೂ ಅಷ್ಟೇ ಇದೆ. ಮಕ್ಕಳೂ ಹೆತ್ತವರೂ ಅವರ ಬದುಕಿನಿಂದ ತಿಳಿಯಬೇಕಾದದ್ದು ಬಹುಶಃ ಈ ಎರಡನೆಯ ಭಾಗದಲ್ಲೇ ಹೆಚ್ಚಾಗಿದೆ.

ಗೋಡೆಯೇ ಗುರು

ಜಿಮ್ ಇನ್ನೂ ಪುಟ್ಟ ಹುಡುಗನಾಗಿದ್ದಾಗ ಬಲತೋಳಿಗೆ ಕೃತಕ ಕೈಯೊಂದನ್ನು ಜೋಡಿಸಲಾಯಿತು. ಅದರ ತುದಿಯಲ್ಲಿ ಲೋಹದ ಕೊಕ್ಕೆ. ಅದನ್ನು ನೋಡಿ ಓರಗೆಯ ಮಕ್ಕಳು ಗೇಲಿ ಮಾಡುತ್ತಿದ್ದರು. ಹುಡುಗನಿಗೆ ಅದು ಸಹಾಯಕ್ಕಿಂತ ಭಾರವೇ ಆಯಿತು. ಕೆಲಕಾಲದ ನಂತರ ಆ ಕೈಯನ್ನು ಬಿಚ್ಚಿಟ್ಟವನು ಮತ್ತೆ ತೊಡಲಿಲ್ಲ.

ಆತನಿಗೆ ಬೇಕಾಗಿದ್ದುದು ಚೆಂಡಾಟ. ಮನೆಯ ಇಟ್ಟಿಗೆ ಗೋಡೆಗೆ ರಬ್ಬರ್ ಚೆಂಡು ಎಸೆಯುವುದು, ಪುಟಿದು ಬಂದದ್ದನ್ನು ಹಿಡಿಯುವುದು, ಮತ್ತೆ ಎಸೆಯುವುದು. ಗಂಟೆಗಟ್ಟಲೆ ಇದೇ ಕೆಲಸ. ಎಸೆಯುವಾಗ ಗ್ಲೌಸನ್ನು ಬಲತೋಳಿನ ತುದಿಯ ಮೇಲೆ ಕೂರಿಸಿಕೊಂಡಿರುತ್ತಿದ್ದ. ಎಡಗೈಯಿಂದ ಚೆಂಡು ಬಿಟ್ಟೊಡನೆ ಅದೇ ಎಡಗೈಯನ್ನು ಗ್ಲೌಸಿನೊಳಗೆ ತೂರಿಸಿ ಹಿಡಿಯಲು ಸಿದ್ಧನಾಗುತ್ತಿದ್ದ. ಚೆಂಡು ಸಿಕ್ಕಿದ ಮೇಲೆ ಗ್ಲೌಸನ್ನು ಬಲತೋಳು ಮತ್ತು ಎದೆಯ ನಡುವೆ ಅವುಚಿ, ಕೈ ಹೊರಗೆಳೆದು, ಗ್ಲೌಸಿನಿಂದ ಚೆಂಡು ತೆಗೆದು ಮತ್ತೆ ಎಸೆಯುತ್ತಿದ್ದ.

ಓದುವಾಗ ಇದು ಐದಾರು ಹೆಜ್ಜೆಗಳ ಕೆಲಸ. ಆದರೆ ಆಟದಲ್ಲಿ ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯಬೇಕು. ಅದಕ್ಕೆ ಹುಡುಗ ಕಂಡುಕೊಂಡ ಉಪಾಯ ಬಲು ಸರಳ. ಕೈ ಪಳಗಿದಂತೆಲ್ಲ ಗೋಡೆಗೆ ಇನ್ನಷ್ಟು ಹತ್ತಿರ ನಿಂತ. ಹತ್ತಿರ ನಿಂತಷ್ಟೂ ಚೆಂಡು ಬೇಗ ಹಿಂತಿರುಗುತ್ತದೆ, ಕೈಯೂ ಅಷ್ಟೇ ಬೇಗ ಬದಲಾಗಬೇಕಾಗುತ್ತದೆ. ಯಾವ ತರಬೇತುದಾರನೂ ಹೇಳಿಕೊಟ್ಟ ಪಾಠ ಇದಲ್ಲ, ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಗೋಡೆ ಮಾತ್ರ ಬೇಸರವಿಲ್ಲದೆ ಚೆಂಡನ್ನು ಹಿಂತಿರುಗಿಸುತ್ತಿತ್ತು. ಮುಂದೆ ದೊಡ್ಡ ದೊಡ್ಡ ಮೈದಾನಗಳಲ್ಲಿ ಜನ ಅವರ ಕೈಚಳಕ ಕಂಡು ಬೆರಗಾದರು. ಆ ಕೈಚಳಕದ ಹಿಂದೆ ಇದ್ದದ್ದು ಈ ಸಾವಿರಾರು ಎಸೆತಗಳ ಲೆಕ್ಕ.

ಎದುರಾಳಿಗಳು ಸುಮ್ಮನಿರಲಿಲ್ಲ. ಬೇಸ್‌ಬಾಲ್‌ನಲ್ಲಿ ‘ಬಂಟ್’ ಎಂಬ ಹೊಡೆತವಿದೆ. ಚೆಂಡನ್ನು ಬಲವಾಗಿ ಬಾರಿಸದೆ, ಬ್ಯಾಟಿಗೆ ಮೆತ್ತಗೆ ತಾಗಿಸಿ ಹತ್ತಿರದಲ್ಲೇ ಉರುಳಿಸುವುದು. ಆಗ ಪಿಚರ್ ಓಡಿಬಂದು, ಬಗ್ಗಿ, ಚೆಂಡು ಎತ್ತಿ, ದಾಂಡಿಗ ಮೊದಲ ಬೇಸ್ ತಲುಪುವ ಮೊದಲು ಅಲ್ಲಿಗೆ ಎಸೆಯಬೇಕು. ಒಂಟಿ ಕೈಯ ಹುಡುಗನಿಗೆ ಇದು ಸಾಧ್ಯವೇ ಇಲ್ಲವೆಂದು ಲೆಕ್ಕ ಹಾಕಿದ ತಂಡಗಳು ಒಬ್ಬರ ಹಿಂದೊಬ್ಬರಂತೆ ಬಂಟ್ ಮಾಡಿಸಿ ನೋಡಿದವು. ಒಬ್ಬರ ಹಿಂದೊಬ್ಬರಂತೆ ಔಟಾಗತೊಡಗಿದಾಗ ಆ ಉಪಾಯವನ್ನು ಕೈಬಿಟ್ಟವು.

‘ಹೋಗು, ಮತ್ತೆ ಹೋಗು’

ಮಗ ಹುಟ್ಟಿದಾಗ ಜಿಮ್‌ನ ತಂದೆ ತಾಯಿ ಇಬ್ಬರೂ ಹದಿಹರೆಯ ದಾಟದವರು. ಕೈಯಲ್ಲಿ ಹಣವಿಲ್ಲ, ಅನುಭವವಂತೂ ಮೊದಲೇ ಇಲ್ಲ. ಇಂತಹ ಮಗುವನ್ನು ಹೇಗೆ ಬೆಳೆಸಬೇಕೆಂದು ಅವರಿಗೆ ಹೇಳಿಕೊಡುವವರೂ ಇರಲಿಲ್ಲ. ತಾಯಿ ಮುಂದೆ ಕಾನೂನು ಓದಿ ವಕೀಲರಾದರು. ಮಗ ಗೋಡೆಗೆ ಚೆಂಡು ಎಸೆಯುತ್ತಿದ್ದ ಮನೆಯಲ್ಲಿ ಹೆತ್ತವರೂ ತಮ್ಮ ಬದುಕನ್ನು ಕಟ್ಟಿಕೊಳ್ಳುತ್ತಿದ್ದರು.

ಹೊಸ ಬಡಾವಣೆ, ಹೊಸ ಮಕ್ಕಳು. ಆಟದ ಬಯಲಿನಲ್ಲಿ ಎಲ್ಲರ ಕಣ್ಣೂ ಹುಡುಗನ ತೋಳಿನ ಮೇಲೆ. ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುವ ಮಗನನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುವುದು ಯಾವ ತಂದೆಗಾದರೂ ಸುಲಭ. ಜಿಮ್‌ನ ತಂದೆ ಹಾಗೆ ಮಾಡಲಿಲ್ಲ. ಮಗನನ್ನು ತಿರುಗಿಸಿ ಮತ್ತೆ ಬಯಲಿಗೇ ಕಳಿಸುತ್ತಿದ್ದರು. ಹೋಗಿ ನಿನ್ನ ಹೆಸರು ಹೇಳು, ಆಟಕ್ಕೆ ಸೇರಿಕೊಳ್ಳುತ್ತೇನೆ ಎಂದು ಕೇಳು ಎಂಬುದು ಅವರ ಧೋರಣೆ.

ಇದು ಕಲ್ಲುಮನಸ್ಸಿನ ಮಾತಲ್ಲ. ಮಗನ ನೋವು ಅವರಿಗೆ ಗೊತ್ತಿತ್ತು. ಆದರೆ ಮನೆಯೊಳಗೆ ಬಚ್ಚಿಟ್ಟು ನೋವು ತಪ್ಪಿಸಿದರೆ, ಆಟದ ಜೊತೆಗೆ ಗೆಳೆಯರನ್ನೂ ತಪ್ಪಿಸಿದಂತೆ ಎಂಬುದೂ ಗೊತ್ತಿತ್ತು. ತಮ್ಮನ್ನು ಎಂದೂ ‘ಪಾಪ’ ಎಂಬ ಕಣ್ಣಿನಿಂದ ನೋಡದೆ ಬೆಳೆಸಿದರು ಎಂದು ಅಬಾಟ್ ತಂದೆತಾಯಿಯರನ್ನು ನೆನೆಯುತ್ತಾರೆ.

ಒಂದು ಲೇಸಿನ ಗಂಟು

ಅಬಾಟ್ ತಮ್ಮ ಭಾಷಣಗಳಲ್ಲಿ ಹೇಳುವ ಒಂದು ಘಟನೆ ಬೇಸ್‌ಬಾಲ್‌ಗೆ ಸಂಬಂಧಿಸಿದ್ದೇ ಅಲ್ಲ. ಅದು ಮೂರನೆಯ ತರಗತಿಯ ಮಾತು. ಜಿಮ್‌ಗೆ ಷೂ ಲೇಸ್ ಕಟ್ಟಲು ಬರುತ್ತಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಕಟ್ಟಿ ಕಳಿಸಿದ ಲೇಸು ಶಾಲೆಯಲ್ಲಿ ಬಿಚ್ಚಿಕೊಂಡರೆ ಬೇರೆಯವರ ಮುಂದೆ ಕಾಲು ಚಾಚಬೇಕು. ಎಂಟು ವರ್ಷದ ಹುಡುಗನಿಗೆ ಅದೆಂತಹ ಸಂಕೋಚ!

ಒಂದು ದಿನ ಆತನ ಅಧ್ಯಾಪಕರು ಅವನನ್ನು ತರಗತಿಯಿಂದ ಹೊರಗೆ ಕರೆದರು. ಅವರ ಮುಖದಲ್ಲಿ ಏನೋ ಗೆದ್ದ ಉತ್ಸಾಹ. ಲೇಸು ಕಟ್ಟುವ ದಾರಿ ಸಿಕ್ಕಿತು ಎಂದರು. ತಮ್ಮ ಒಂದು ಕೈಯನ್ನು ಮುಷ್ಟಿ ಬಿಗಿಹಿಡಿದು, ಇನ್ನೊಂದೇ ಕೈಯಿಂದ ಲೇಸು ಕಟ್ಟುವುದನ್ನು ಅವರು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದರು. ಅಲ್ಲೇ ಕುಳಿತು ಹುಡುಗನಿಗೆ ಹೇಳಿಕೊಟ್ಟರು.

ಗಮನಿಸಬೇಕಾದದ್ದು ಇಲ್ಲಿದೆ. ಆ ಅಧ್ಯಾಪಕರು ಹುಡುಗನ ಲೇಸನ್ನು ತಾವೇ ಕಟ್ಟಿಕೊಡಬಹುದಿತ್ತು. ಅರ್ಧ ನಿಮಿಷದ ಕೆಲಸ, ಅದೂ ಕರುಣೆಯೇ. ಅಥವಾ ‘ಪ್ರಯತ್ನಿಸಿದರೆ ಯಾವುದೂ ಅಸಾಧ್ಯವಲ್ಲ’ ಎಂದು ಬೆನ್ನು ತಟ್ಟಿ ಕಳಿಸಬಹುದಿತ್ತು. ಅದು ಇನ್ನೂ ಸುಲಭ. ಅವರು ಎರಡನ್ನೂ ಮಾಡಲಿಲ್ಲ. ಹುಡುಗನ ಕಷ್ಟ ಯಾವ ಗಂಟಿನಲ್ಲಿದೆ ಎಂದು ತಾವೇ ಒಂದು ಕೈ ಮುಚ್ಚಿ ನೋಡಿದರು. ‘ಇವನಿಗೆ ಆಗುತ್ತದೆಯೇ?’ ಎಂಬ ಪ್ರಶ್ನೆಯನ್ನು ಬಿಟ್ಟು ‘ಇವನು ಹೇಗೆ ಮಾಡಬಹುದು?’ ಎಂಬ ಪ್ರಶ್ನೆ ಹಿಡಿದರು. ದೊಡ್ಡ ದೊಡ್ಡ ಪ್ರಶಸ್ತಿ ಪಡೆದ ಮೇಲೂ ಅಬಾಟ್ ಈ ಸಣ್ಣ ಗಂಟನ್ನು ಮರೆಯಲಿಲ್ಲ.

ನೇರವಾಗಿ ಮೇಲಿನ ಮೆಟ್ಟಿಲಿಗೆ

ಫ್ಲಿಂಟ್ ಸೆಂಟ್ರಲ್ ಹೈಸ್ಕೂಲಿನಲ್ಲಿ ಜಿಮ್ ಪಿಚರ್ ಮಾತ್ರವಲ್ಲ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಕೂಡ. ಕೊನೆಯ ವರ್ಷ ಬೇಸ್‌ಬಾಲ್‌ನಲ್ಲಿ ಬ್ಯಾಟ್ ಹಿಡಿದು .427 ಸರಾಸರಿ ಸಾಧಿಸಿ ಏಳು ಹೋಮ್‌ರನ್ ಬಾರಿಸಿದ. ಆ ಆಟದಲ್ಲಿ .300 ಸರಾಸರಿಯೇ ಒಳ್ಳೆಯದೆಂದು ಎಣಿಕೆ.

1985ರಲ್ಲಿ ಟೊರಾಂಟೊ ಬ್ಲೂ ಜೇಸ್ ತಂಡ 36ನೆಯ ಸುತ್ತಿನಲ್ಲಿ ಆತನನ್ನು ಆರಿಸಿತು. ಜಿಮ್ ಅದಕ್ಕೆ ಒಪ್ಪದೆ ಮಿಷಿಗನ್ ವಿಶ್ವವಿದ್ಯಾಲಯ ಸೇರಿಕೊಂಡ. ಅಲ್ಲಿ ಮೂರು ಋತುಗಳಲ್ಲಿ 26 ಗೆಲುವು, ಬರೀ 8 ಸೋಲು. 1987ರಲ್ಲಿ ಕ್ಯೂಬಾಗೆ ಹೋದ ಅಮೆರಿಕ ತಂಡದಲ್ಲಿದ್ದ ಆತ ಹವಾನಾದಲ್ಲಿ ಆತಿಥೇಯರನ್ನು ಮಣಿಸಿದ. ಕ್ಯೂಬಾ ನೆಲದಲ್ಲಿ ಅಮೆರಿಕದ ಪಿಚರ್ ಒಬ್ಬ ಆ ತಂಡದ ವಿರುದ್ಧ ಗೆದ್ದು ಆಗ 25 ವರ್ಷಗಳಾಗಿದ್ದವು. ಅದೇ ವರ್ಷದ ಸಾಧನೆಗೆ ಅಮೆರಿಕದ ಅತ್ಯುತ್ತಮ ಹವ್ಯಾಸಿ ಕ್ರೀಡಾಪಟುವಿಗೆ ಮೀಸಲಾದ ಸುಲಿವನ್ ಪ್ರಶಸ್ತಿ ಬಂತು. ಬೇಸ್‌ಬಾಲ್ ಆಟಗಾರನೊಬ್ಬನಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್ ಪ್ರದರ್ಶನ ಕ್ರೀಡೆಯಾಗಿತ್ತು. ಫೈನಲ್‌ನಲ್ಲಿ ಜಪಾನ್ ವಿರುದ್ಧ ಅಬಾಟ್ ಆರಂಭದಿಂದ ಕೊನೆಯವರೆಗೂ ತಾವೇ ಚೆಂಡೆಸೆದು ಅಮೆರಿಕಕ್ಕೆ 5-3ರ ಜಯ ತಂದುಕೊಟ್ಟರು.

ಅದೇ ವರ್ಷ ಕ್ಯಾಲಿಫೋರ್ನಿಯ ಏಂಜಲ್ಸ್ ತಂಡ ಮೊದಲ ಸುತ್ತಿನಲ್ಲೇ, ಎಂಟನೆಯವರಾಗಿ ಅವರನ್ನು ಆರಿಸಿಕೊಂಡಿತ್ತು. ಬೇಸ್‌ಬಾಲ್‌ನಲ್ಲಿ ಹೊಸಬರು ಕೆಳಹಂತದ ಮೈನರ್ ಲೀಗ್‌ಗಳಲ್ಲಿ ವರ್ಷಗಟ್ಟಲೆ ಪಳಗಿದ ಮೇಲೆಯೇ ಮೇಜರ್ ಲೀಗ್‌ಗೆ ಬರುವುದು ವಾಡಿಕೆ. ಅಬಾಟ್ 1989ರ ಏಪ್ರಿಲ್ 8ರಂದು ಒಂದು ಮೆಟ್ಟಿಲನ್ನೂ ತುಳಿಯದೆ ನೇರವಾಗಿ ಮೇಲಕ್ಕೆ ಬಂದರು. ಮೊದಲ ವರ್ಷ 12 ಗೆಲುವು, 12 ಸೋಲು. ತಕ್ಕಡಿ ಸರಿಸಮ!

ಆರು ದಿನಗಳ ಅಂತರ

1993ರ ಋತುವಿಗೆ ಅಬಾಟ್ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಬಂದಿದ್ದರು. ಆಗಸ್ಟ್ 29ರಂದು ಕ್ಲೀವ್‌ಲ್ಯಾಂಡ್ ತಂಡದ ವಿರುದ್ಧ, ಅದರದೇ ಮೈದಾನದಲ್ಲಿ ಪಂದ್ಯ. ನಾಲ್ಕು ಇನಿಂಗ್ಸ್ ಮುಗಿಯುವ ಮೊದಲೇ ಎದುರಾಳಿಗಳು ಅವರಿಂದ ಏಳು ರನ್ ದೋಚಿದರು. ಅಬಾಟ್‌ರನ್ನು ಹೊರಗೆ ಕರೆಸಿಕೊಳ್ಳಲಾಯಿತು. ಅವಮಾನ ತಡೆಯಲಾರದೆ ಅವರು ಆಟ ಇನ್ನೂ ನಡೆಯುತ್ತಿರುವಾಗಲೇ ಮೈದಾನದಿಂದ ಹೊರಬಿದ್ದು, ಊರಿನ ಬೀದಿಗಳಲ್ಲಿ ಓಡಿ ಮನಸ್ಸಿನ ಬೇಗೆ ತಣಿಸಿಕೊಂಡರು.

ಆರು ದಿನ ಕಳೆಯಿತು. ಸೆಪ್ಟೆಂಬರ್ 4, ಶನಿವಾರ. ಈ ಬಾರಿ ಯಾಂಕೀ ಸ್ಟೇಡಿಯಂ. ಎದುರಾಳಿ ಅದೇ ಕ್ಲೀವ್‌ಲ್ಯಾಂಡ್. ಕೆನ್ನಿ ಲಾಫ್ಟನ್, ಆಲ್ಬರ್ಟ್ ಬೆಲ್, ಕಾರ್ಲೋಸ್ ಬಯೆರ್ಗಾ ಅವರಂತಹ ದಾಂಡಿಗರ ತಂಡ ಅದು.

ಒಂದು ಪಂದ್ಯದಲ್ಲಿ ಒಂಬತ್ತು ಇನಿಂಗ್ಸ್. ಎದುರಾಳಿಯ 27 ಮಂದಿಯನ್ನು ಔಟ್ ಮಾಡಬೇಕು. ಈ 27 ಔಟ್ ಆಗುವವರೆಗೆ ಒಂದೇ ಒಂದು ‘ಹಿಟ್’ ಕೂಡ ಕೊಡದೆ ಪಂದ್ಯ ಮುಗಿಸಿದರೆ ಅದನ್ನು ‘ನೋ-ಹಿಟರ್’ ಎನ್ನುತ್ತಾರೆ. ಮೇಜರ್ ಲೀಗ್‌ನ ಸುಮಾರು ಒಂದೂವರೆ ಶತಮಾನದ ಇತಿಹಾಸದಲ್ಲಿ ಅದು ಸಂಭವಿಸಿರುವುದು ಮುನ್ನೂರಕ್ಕಿಂತ ತುಸು ಹೆಚ್ಚು ಸಲ ಮಾತ್ರ. ದೊಡ್ಡ ದೊಡ್ಡ ಪಿಚರ್‌ಗಳೂ ಜೀವಮಾನದಲ್ಲಿ ಒಂದನ್ನೂ ಕಾಣದೆ ನಿವೃತ್ತರಾಗಿದ್ದಾರೆ.

ಇನಿಂಗ್ಸ್ ಮೇಲೆ ಇನಿಂಗ್ಸ್ ಉರುಳಿತು. ಕ್ಲೀವ್‌ಲ್ಯಾಂಡ್‌ಗೆ ಹಿಟ್ ಸಿಗಲಿಲ್ಲ. ಇಂತಹ ಹೊತ್ತಿನಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡಿದರೆ ಭಂಗವಾಗುತ್ತದೆಂಬ ನಂಬಿಕೆ ಬೇಸ್‌ಬಾಲ್ ಆಟಗಾರರಲ್ಲಿದೆ. ಪಿಚರ್‌ನ ಪಕ್ಕ ಕೂರಲೂ ಜೊತೆಗಾರರು ಹಿಂಜರಿಯುತ್ತಾರೆ. ಏಳನೆಯ ಇನಿಂಗ್ಸ್‌ನಲ್ಲಿ ಬೆಲ್ ಬಾರಿಸಿದ ರಭಸದ ಚೆಂಡಿಗೆ ಮೂರನೆಯ ಬೇಸ್‌ನ ವೇಡ್ ಬಾಗ್ಸ್ ಹಾರಿಬಿದ್ದು, ಹಿಡಿದೆಸೆದು ಔಟ್ ಮಾಡಿದರು. ಒಂಬತ್ತನೆಯದರಲ್ಲಿ ಲಾಫ್ಟನ್ ಬಂಟ್ ಮಾಡಲೆತ್ನಿಸಿದಾಗ ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಕೊನೆಗೆ ಬಯೆರ್ಗಾ ಬಾರಿಸಿದ ಚೆಂಡು ನೆಲದ ಮೇಲೆ ಉರುಳುತ್ತಾ ಶಾರ್ಟ್‌ಸ್ಟಾಪ್ ರ್‍ಯಾಂಡಿ ವೆಲಾರ್ಡೆ ಕೈಗೆ, ಅಲ್ಲಿಂದ ಮೊದಲ ಬೇಸ್‌ನ ಡಾನ್ ಮ್ಯಾಟಿಂಗ್ಲಿ ಕೈಗೆ ಸೇರಿತು. 27ನೆಯ ಔಟ್! ಯಾಂಕೀಸ್‌ಗೆ 4-0ರ ಜಯ. ಅಬಾಟ್ ಓಡಿಹೋಗಿ ಚೆಂಡು ಹಿಡಿಯುತ್ತಿದ್ದ ಕ್ಯಾಚರ್ ಮ್ಯಾಟ್ ನೋಕ್ಸ್‌ರನ್ನು ಅಪ್ಪಿಕೊಂಡರು.

ಆ ದಿನದ ಅಂಕಿ ಅಂಶಗಳನ್ನು ಬಿಡಿಸಿ ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ದಾಂಡಿಗನು ಚೆಂಡನ್ನು ಆಟಕ್ಕೇ ತರಲಾಗದೆ ಔಟಾಗುವುದಕ್ಕೆ ‘ಸ್ಟ್ರೈಕ್ ಔಟ್’ ಎಂದು ಹೆಸರು. 27 ಔಟ್‌ಗಳಲ್ಲಿ ಅಂಥವು ಕೇವಲ ಮೂರು. ಮಿಕ್ಕ 24ರಲ್ಲೂ ಜೊತೆಗಾರರ ಕೈಯಿದೆ. ಇದಲ್ಲದೆ ಅಬಾಟ್ ಗುರಿ ತಪ್ಪಿ ಎಸೆದು ಐವರಿಗೆ ಮೊದಲ ಬೇಸನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟಿದ್ದರು. ತಪ್ಪೇ ಇಲ್ಲದ ಆಟವಲ್ಲ ಅದು. ತಪ್ಪುಗಳ ನಡುವೆಯೇ ಹಿಡಿತ ಬಿಡದ ಆಟ. ತಮ್ಮ ಪುಸ್ತಕದಲ್ಲಿ ಅಬಾಟ್ ಈ ಪಂದ್ಯವನ್ನು ಇನಿಂಗ್ಸ್ ಇನಿಂಗ್ಸ್ ಆಗಿ ಬಿಡಿಸಿ, ಬದುಕಿನ ಅಧ್ಯಾಯಗಳ ನಡುವೆ ಹೆಣೆದಿದ್ದಾರೆ.

ಅದೇ 1993ರ ಋತು ಮುಗಿದಾಗ ಅವರ ಲೆಕ್ಕ 11 ಗೆಲುವು, 14 ಸೋಲು ಎಂಬುದನ್ನೂ ಇಲ್ಲೇ ಹೇಳಬೇಕು. ಇತಿಹಾಸ ಸೃಷ್ಟಿಸಿದ ವರ್ಷದಲ್ಲೂ ಸೋಲೇ ಮುಂದಿತ್ತು.

ಎರಡು ಬಗೆಯ ಸೋಲು

‘ಸೋಲೇ ಗೆಲುವಿನ ಸೋಪಾನ’ ಎಂಬ ಮಾತನ್ನು ಶಾಲೆಯ ಗೋಡೆಗಳ ಮೇಲೆ ಓದದವರಿಲ್ಲ. ಆದರೆ ಎಲ್ಲ ಸೋಲೂ ಒಂದೇ ಬಗೆಯದಲ್ಲ. ಅಬಾಟ್ ಅವರ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಪಿಚರ್ ಒಬ್ಬ ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಡುತ್ತಾನೆ ಎಂಬುದು ಆತನ ಆಟದ ಮುಖ್ಯ ಅಳತೆಗೋಲು. ಕಡಿಮೆಯಿದ್ದಷ್ಟೂ ಒಳ್ಳೆಯದು. 1991ರಲ್ಲಿ ಅಬಾಟ್ ಅವರ ಸರಾಸರಿ 2.89. ಆ ವರ್ಷ 18 ಗೆಲುವು, 11 ಸೋಲು. ಅಮೆರಿಕನ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ಮೂರನೆಯ ಸ್ಥಾನ. ಮರುವರ್ಷ, 1992ರಲ್ಲಿ ಅವರ ಸರಾಸರಿ 2.77. ಅಂದರೆ ಇನ್ನೂ ಚೆನ್ನಾಗಿತ್ತು! ಆದರೆ ಫಲ? 7 ಗೆಲುವು, 15 ಸೋಲು. ಅವರದೇ ತಂಡದ ದಾಂಡಿಗರು ಸಾಕಷ್ಟು ರನ್ ಗಳಿಸಿಕೊಡಲಿಲ್ಲ. ಇದು ಮೊದಲ ಬಗೆಯ ಸೋಲು. ಕೆಲಸದಲ್ಲಿ ಕೊರತೆಯಿಲ್ಲ, ಫಲ ಮಾತ್ರ ಕೈಗೆ ಬರಲಿಲ್ಲ. ಆ ವರ್ಷದ ಗೆಲುವು ಸೋಲಿನ ಪಟ್ಟಿಯನ್ನಷ್ಟೇ ನೋಡಿದವರು ಅಬಾಟ್ ಕೆಟ್ಟುಹೋದರೆಂದು ತೀರ್ಮಾನಿಸಿದ್ದರೆ ಅದು ತಪ್ಪಾಗುತ್ತಿತ್ತು.

1996 ಹಾಗಲ್ಲ. ಆ ವರ್ಷ 2 ಗೆಲುವು, 18 ಸೋಲು, ಸರಾಸರಿ 7.48. ಚೆಂಡಿನ ವೇಗ ಕುಗ್ಗಿತ್ತು, ಮೊನಚು ಹೋಗಿತ್ತು. ಯಾರನ್ನೂ ದೂರುವಂತಿರಲಿಲ್ಲ. ಎಂದೂ ಮೈನರ್ ಲೀಗ್ ಕಾಣದವರನ್ನು ಮೊದಲ ಬಾರಿಗೆ ಕೆಳಕ್ಕೆ ಕಳಿಸಲಾಯಿತು. 1997ರ ಋತು ಆರಂಭವಾಗುವ ಮೊದಲೇ ಏಂಜಲ್ಸ್ ತಂಡ ಅವರನ್ನು ಬಿಟ್ಟುಬಿಟ್ಟಿತು. ಆ ವರ್ಷ ಅವರು ಆಡಲೇ ಇಲ್ಲ. ಇದು ಎರಡನೆಯ ಬಗೆಯ ಸೋಲು. ಶ್ರಮವಿದೆ, ಮನಸ್ಸಿದೆ, ಆದರೂ ಕೆಲಸ ಕೈಗೂಡುತ್ತಿಲ್ಲ.

ಮೊದಲ ಬಗೆಯ ಸೋಲಿಗೆ ತಾಳ್ಮೆ ಬೇಕು. ಎರಡನೆಯದಕ್ಕೆ ತನ್ನನ್ನೇ ನೇರವಾಗಿ ನೋಡಿಕೊಳ್ಳುವ ಧೈರ್ಯ ಬೇಕು. ಪರೀಕ್ಷೆಯ ಅಂಕಪಟ್ಟಿ ಹಿಡಿದು ಮನೆಗೆ ಬರುವ ಮಕ್ಕಳ ಪಾಡೂ ಇದೇ ಅಲ್ಲವೇ? ಚೆನ್ನಾಗಿ ಓದಿಯೂ ಅಂಕ ಬರದೇ ಹೋದ ಹುಡುಗಿಗೂ, ವಿಷಯವೇ ತಲೆಗೆ ಹತ್ತದೆ ಒದ್ದಾಡುವ ಹುಡುಗನಿಗೂ ಒಂದೇ ಬೈಗುಳ ಅಥವಾ ಒಂದೇ ಸಮಾಧಾನ ಹೇಳಿದರೆ ಉಪಯೋಗವಿಲ್ಲ. ಸೋಲು ಯಾವ ಬಗೆಯದು ಎಂದು ಮೊದಲು ವಿಚಾರಿಸಬೇಕು.

1998ರಲ್ಲಿ ಅಬಾಟ್ ಷಿಕಾಗೊ ವೈಟ್ ಸಾಕ್ಸ್ ತಂಡದ ಮೂಲಕ ಮರಳಿ ಯತ್ನಿಸಿದರು. ಹತ್ತು ವರ್ಷಗಳ ಹಿಂದೆ ತುಳಿಯದೆ ಬಿಟ್ಟಿದ್ದ ಕೆಳಗಿನ ಮೆಟ್ಟಿಲುಗಳನ್ನು, ತಮಗಿಂತ ಹತ್ತು ವರ್ಷ ಚಿಕ್ಕವರಾದ ಹುಡುಗರ ಜೊತೆ ಒಂದೊಂದಾಗಿ ಹತ್ತಿದರು. ಸೆಪ್ಟೆಂಬರ್‌ನಲ್ಲಿ ಮೇಲಕ್ಕೆ ಕರೆ ಬಂತು. ಆಡಿದ ಐದೂ ಪಂದ್ಯಗಳಲ್ಲಿ ಗೆಲುವು!

ಸಿನಿಮಾ ಆಗಿದ್ದರೆ ಇಲ್ಲಿಗೆ ‘ಶುಭಂ’ ಎಂದು ತೋರಿಸಿಬಿಡುತ್ತಿದ್ದರು. ಬದುಕು ಮುಂದುವರಿಯಿತು. 1999ರಲ್ಲಿ ಮಿಲ್ವಾಕಿ ಬ್ರೂವರ್ಸ್ ತಂಡದಲ್ಲಿ 2 ಗೆಲುವು, 8 ಸೋಲು. ಋತುವಿನ ನಡುವೆಯೇ ಆಟ ಮುಗಿಯಿತು. ಆದರೆ ಆ ವರ್ಷ ಒಂದು ಕಿರುಸಂತೋಷವೂ ಇತ್ತು. ಮಿಲ್ವಾಕಿ ಆಡುತ್ತಿದ್ದ ನ್ಯಾಷನಲ್ ಲೀಗ್‌ನಲ್ಲಿ ಆಗ ಪಿಚರ್‌ಗಳೂ ಬ್ಯಾಟ್ ಹಿಡಿಯಬೇಕಿತ್ತು. ಅಬಾಟ್ 21 ಬಾರಿ ಬ್ಯಾಟ್ ಬೀಸಲು ನಿಂತು ಎರಡು ಹಿಟ್ ಗಳಿಸಿದರು. ಅವರ ಮೇಜರ್ ಲೀಗ್ ಬದುಕಿನ ಹಿಟ್‌ಗಳು ಅವೆರಡೇ.

ಜೇಬಿನಲ್ಲಿ ಅಡಗಿದ ಕೈ

ಆಟದಲ್ಲಿದ್ದಷ್ಟು ಕಾಲವೂ ಅಬಾಟ್ ಬಯಸಿದ್ದು ಒಂದೇ. ಜನ ತಮ್ಮನ್ನು ‘ಒಂದು ಕೈಯ ಪಿಚರ್’ ಎನ್ನದೆ ಬರೀ ‘ಪಿಚರ್’ ಎನ್ನಬೇಕು. ಆದರೆ ಹೋದಲ್ಲೆಲ್ಲ ಪತ್ರಕರ್ತರ ಮೊದಲ ಪ್ರಶ್ನೆ ಕೈಯ ಬಗ್ಗೆಯೇ. ಊರೂರಿನ ಮೈದಾನಗಳಲ್ಲಿ ಅವರಿಗಾಗಿ ಕಾಯುತ್ತಿದ್ದವರು ಅಂಗವೈಕಲ್ಯವಿದ್ದ ಮಕ್ಕಳು, ಅವರ ತಂದೆತಾಯಿಯರು. ಅಬಾಟ್ ಅವರನ್ನು ಭೇಟಿಯಾಗುತ್ತಿದ್ದರು, ಮಾತಾಡುತ್ತಿದ್ದರು, ಬಂದ ಪತ್ರಗಳಿಗೆ ಉತ್ತರಿಸುತ್ತಿದ್ದರು. ಗೆದ್ದ ದಿನವೂ ಸೋತ ದಿನವೂ ಈ ಕೆಲಸಕ್ಕೆ ರಜೆ ಇರಲಿಲ್ಲ.

ಹೀಗೆ ಬೇರೆ ಮಕ್ಕಳಿಗೆ ಧೈರ್ಯ ತುಂಬುತ್ತಿದ್ದ ವ್ಯಕ್ತಿಯೇ ತಮ್ಮ ಬಲತೋಳನ್ನು ಎಷ್ಟೋ ಸಲ ಜೇಬಿನಲ್ಲಿ ಅಡಗಿಸಿಕೊಳ್ಳುತ್ತಿದ್ದರು. ಇದನ್ನು ಅವರೇ ಬಿಚ್ಚುಮನಸ್ಸಿನಿಂದ ಹೇಳಿಕೊಂಡಿದ್ದಾರೆ. ಗೆದ್ದಾಗ ತಾನು ಯಾರಿಗೂ ಕಡಿಮೆಯಿಲ್ಲ ಎಂಬ ಭಾವ. ಸೋತಾಗ ಹಳೆಯ ಕೊರತೆ ಮತ್ತೆ ಎದ್ದು ಕುಳಿತ ಭಾವ. 1996ರ ಸೋಲುಗಳು ಅಷ್ಟೊಂದು ಚುಚ್ಚಿದ್ದು ಇದೇ ಕಾರಣಕ್ಕೆ. ಆಟದ ಫಲವನ್ನು ತನ್ನ ಯೋಗ್ಯತೆಯ ಪ್ರಮಾಣಪತ್ರವೆಂದು ತಿಳಿದವನಿಗೆ ಆಟ ಕೈಕೊಟ್ಟಾಗ ಏನೂ ಉಳಿಯುವುದಿಲ್ಲ.

ನಿವೃತ್ತಿಯ ನಂತರ ಒಂದು ಸಣ್ಣ ಸಂದರ್ಭ ಈ ಗಂಟನ್ನು ಅವರ ಮುಂದೆ ಇಟ್ಟಿತು. ತಂದೆತಾಯಿಯರು ತಮ್ಮ ತಮ್ಮ ಉದ್ಯೋಗದ ಬಗ್ಗೆ ಮಕ್ಕಳಿಗೆ ಹೇಳುವ ದಿನವೆಂದು ಪುಟ್ಟ ಮಗಳ ಶಿಶುವಿಹಾರಕ್ಕೆ ಅವರು ಹೋಗಿದ್ದರು. ಬೇಸ್‌ಬಾಲ್ ಬಗ್ಗೆ ಹೇಳಿ ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಕೈಯೆತ್ತಿದವಳು ಸ್ವಂತ ಮಗಳೇ. ‘ಅಪ್ಪಾ, ನಿನಗೆ ನಿನ್ನ ಪುಟ್ಟ ಕೈ ಇಷ್ಟವೇ?’ ಎಂಬುದು ಅವಳ ಪ್ರಶ್ನೆ.

ಸಾವಿರಾರು ಪತ್ರಕರ್ತರು ಕೇಳಿದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಆ ಕೈಯಿಂದ ಹೇಗೆ ಆಡಿದಿರಿ ಎಂದು ಎಲ್ಲರೂ ಕೇಳಿದ್ದರು. ಅದು ಇಷ್ಟವೇ ಎಂದು ಕೇಳಿದವರಿಲ್ಲ. ಇಷ್ಟ ಎಂದೇ ಅಬಾಟ್ ಮಗಳಿಗೆ ಉತ್ತರ ಕೊಟ್ಟರು. ಆದರೆ ಯಾವಾಗಲೂ ಇಷ್ಟವಾಗಿರಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಬದುಕು ಸುಲಭವಲ್ಲ, ಯಾವಾಗಲೂ ನ್ಯಾಯವಾಗಿಯೂ ನಡೆದುಕೊಳ್ಳುವುದಿಲ್ಲ; ಸಿಕ್ಕಿದ್ದನ್ನೇ ಬಳಸಿ ನಮ್ಮದೇ ದಾರಿ ಕಂಡುಕೊಂಡರೆ ಏನೇನೋ ಆಗಬಹುದು ಎಂಬ ಅರ್ಥದ ಮಾತನ್ನು ಅವಳಿಗೆ ಹೇಳಿದರು.

ಮನೆಯೊಳಗಿನ ಅಂಕಪಟ್ಟಿ

ಅಬಾಟ್ ಅವರ ಕಥೆಯನ್ನು ‘ಛಲವಿದ್ದರೆ ಸಾಕು, ಎಲ್ಲವೂ ಸಾಧ್ಯ’ ಎಂಬ ಒಂದು ವಾಕ್ಯಕ್ಕೆ ಇಳಿಸಿಬಿಡುವುದು ಸುಲಭ. ಅವರ ಅಂಕಿಗಳೇ ಅದನ್ನು ಒಪ್ಪುವುದಿಲ್ಲ. ಛಲವಿದ್ದೂ 108 ಬಾರಿ ಸೋತರು. 1996ರಲ್ಲಿ ಅವರ ಛಲವೇನೂ ಕಡಿಮೆಯಾಗಿರಲಿಲ್ಲ.

ಹಾಗಾದರೆ ಉಳಿಯುವುದೇನು? ಲೇಸು ಕಟ್ಟಿಕೊಡದೆ ಕಟ್ಟುವುದನ್ನು ಕಲಿಸಿದ ಅಧ್ಯಾಪಕರು ಉಳಿಯುತ್ತಾರೆ. ಮಗನ ನೋವು ಕಂಡೂ ಅವನನ್ನು ಬಯಲಿಗೆ ಮರಳಿ ಕಳಿಸಿದ ತಂದೆ ಉಳಿಯುತ್ತಾರೆ. ದಿನಕ್ಕೆ ಒಂದು ಹೆಜ್ಜೆಯಂತೆ ಗೋಡೆಗೆ ಹತ್ತಿರವಾದ ಹುಡುಗ ಉಳಿಯುತ್ತಾನೆ. ಇವರಲ್ಲಿ ಯಾರೂ ಆ ಹೊತ್ತಿನಲ್ಲಿ ಯಾಂಕೀ ಸ್ಟೇಡಿಯಂನ ಕನಸು ಕಂಡು ಲೆಕ್ಕ ಹಾಕಿದವರಲ್ಲ. ಅಂದಂದಿನ ಗಂಟನ್ನು ಅಂದಂದೇ ಬಿಡಿಸಿದರು, ಅಷ್ಟೆ.

ಮಕ್ಕಳ ವಿಷಯದಲ್ಲಿ ಹೆತ್ತವರು ಎರಡು ತಪ್ಪು ಮಾಡುವುದುಂಟು. ‘ಇದು ನಿನ್ನ ಕೈಯಲ್ಲಾಗದು’ ಎಂದು ಬಾಗಿಲು ಮುಚ್ಚುವುದು ಒಂದು. ‘ನೀನು ಗೆಲ್ಲಲೇಬೇಕು’ ಎಂದು ಬೆನ್ನ ಮೇಲೆ ಕೂರುವುದು ಇನ್ನೊಂದು. ಮೊದಲನೆಯದು ಮಗುವಿಗೆ ಆಟವನ್ನೇ ತಪ್ಪಿಸುತ್ತದೆ. ಎರಡನೆಯದು ಸೋತ ದಿನ ಮಗುವಿಗೆ ಮನೆಯನ್ನೂ ತಪ್ಪಿಸುತ್ತದೆ. ಅಬಾಟ್ ಮನೆಯಲ್ಲಿ ಈ ಎರಡೂ ನಡೆಯಲಿಲ್ಲ. ಆಡು ಎಂದರು, ಆಡಿ ಬಂದವನಿಗೆ ಬಾಗಿಲು ತೆರೆದಿಟ್ಟರು.

ಮಿಷಿಗನ್ ವಿಶ್ವವಿದ್ಯಾಲಯ 2009ರಲ್ಲಿ ಅಬಾಟ್ ತೊಡುತ್ತಿದ್ದ 31ನೆಯ ಸಂಖ್ಯೆಯ ಅಂಗಿಗೆ ಗೌರವಪೂರ್ವಕ ನಿವೃತ್ತಿ ಘೋಷಿಸಿತು. ಆ ಸಂಖ್ಯೆಯನ್ನು ಅಲ್ಲಿನ ಬೇಸ್‌ಬಾಲ್ ತಂಡದಲ್ಲಿ ಬೇರೆಯವರಿಗೆ ಕೊಡುವುದಿಲ್ಲ. ಮೇಜರ್ ಲೀಗ್‌ನ ದಾಖಲೆ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 87 ಮತ್ತು 108 ಎಂಬ ಎರಡು ಅಂಕಿಗಳು ಹಾಗೇ ಇವೆ. ಯಾವುದನ್ನೂ ಯಾರೂ ಅಳಿಸುವಂತಿಲ್ಲ. ಆದರೆ ಎರಡನ್ನೂ ಕೂಡಿಸಿದರೆ 195 ಆಗುತ್ತದೆ. ಅಷ್ಟು ಪಂದ್ಯಗಳ ಗೆಲುವು ಸೋಲಿನ ಹೊಣೆ ಬಿದ್ದದ್ದು ಒಂದೇ ಕೈಯ ಮೇಲೆ. ಪ್ರತಿ ಎಸೆತದ ನಂತರವೂ ಆ ಕೈ ಗ್ಲೌಸಿನೊಳಗೆ ತೂರಿ, ಮುಂದಿನ ಚೆಂಡಿಗೆ ಸಿದ್ಧವಾಗಿ ನಿಂತಿತ್ತು.